ದಾವಣಗೆರೆ ಸ್ಪೋಕನ್ ಇಂಗ್ಲಿಷ್ ಸಂಜೆ ಬ್ಯಾಚು: 'ನಾಕ್ ಆಫ್' ಪಾಠಕ್ಕೆ ಐದಕ್ಕೈದು, ಉಳಿದಿದ್ದಕ್ಕೆ ಅಷ್ಟಿಲ್ಲ

ಮೊದ್ಲೇ ಹೇಳಿಬಿಡ್ತೀನಿ, ಕ್ಲಾಸಿನ ಹೆಸರು ಹಾಕಲ್ಲ, ಹೊಗಳಿಕೆ ಜೊತೆಗೆ ಬೈಗುಳಾನೂ ಐತೆ, ಸುಮ್ನೆ ಯಾರ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು. ನಮ್ಮ ದಾವಣಗೆರೆಲಿ ಸ್ಪೋಕನ್ ಇಂಗ್ಲಿಷ್ ಬೋರ್ಡು ಇಲ್ದಿರೋ ರೋಡು ಹುಡುಕಬೇಕು, ವಿದ್ಯಾನಗರ ಹೋಗ್ರಿ ಪಿ.ಜೆ. ಬಡಾವಣೆ ಹೋಗ್ರಿ, ಟೈ ಕಟ್ಕೊಂಡು ಕೈ ಕಟ್ಕೊಂಡು ನಿಂತಿರೋ ಒಬ್ಬನ ಫೋಟೋ, ಪಕ್ಕದಲ್ಲಿ ಇಷ್ಟು ದಿನದಲ್ಲಿ ಗ್ಯಾರಂಟಿ ಅಂತ ದೊಡ್ಡಕ್ಷರ. ನಾನು ಸೇರಿದ್ದೂ ಅಂಥದ್ದೇ ಬೋರ್ಡಿರೋ ಜಾಗ, ಮೇಲೆ ಮಹಡಿಲಿ ಕ್ಲಾಸು, ಕೆಳಗಡೆ ಝೆರಾಕ್ಸ್ ಅಂಗಡಿ (ಈ ಝೆರಾಕ್ಸ್ ಅಂಗಡಿ ನೆನಪಿಟ್ಕೊಳ್ರಿ, ಆಮೇಲೆ ಬರುತ್ತೆ), ಸಂಜೆ ಏಳರ ಬ್ಯಾಚು.

ನಮ್ಮ ಬ್ಯಾಚು ಒಂಥರಾ ಎಲ್ಲಾ ಥರದೋರು. ಇಂಟರ್‌ವ್ಯೂಗೆ ರೆಡಿಯಾಗೋ ಇಂಜಿನಿಯರಿಂಗ್ ಹುಡುಗ್ರು, ಚೌಕಿಪೇಟೆ ಬಟ್ಟೆ ಅಂಗಡಿಲಿ ಕೂರೋ ಒಬ್ಬ ಅಣ್ಣ, ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೋಗೋ ಪ್ಲಾನ್ ಹಾಕಿರೋ ಹುಡುಗಿ, ಮಕ್ಕಳ ಸ್ಕೂಲ್ ಮೀಟಿಂಗಲ್ಲಿ ಬಾಯಿ ಮುಚ್ಕೊಂಡು ಕೂತು ಬರೋದು ಸಾಕಾಗಿ ಸೇರಿರೋ ಇಬ್ರು ಅಕ್ಕಂದಿರು, ಆಮೇಲೆ ನನ್ನಂಗೆ ಮನೇಲೇ ಲ್ಯಾಪ್‌ಟಾಪ್ ಮುಂದೆ ಕೂತು ಬೆಂಗಳೂರು ಕಂಪನಿಗೆ ಕೆಲ್ಸ ಮಾಡೋರು. ನಮ್ಮ ಕ್ಲೈಂಟು ಆಸ್ಟ್ರೇಲಿಯಾದೋರು, ನಾವು ಊಟಕ್ಕೆ ಏಳೋ ಹೊತ್ತಿಗೆ ಅವ್ರದ್ದು ದಿನಾನೇ ಮುಗೀತಿರುತ್ತೆ, ಚಾಟಲ್ಲಿ ಒಂದೊಂದು ಸಲ "ನಾಕಿಂಗ್ ಆಫ್ ನೌ, ಸೀ ಯಾ" ಅಂತ ಹಾಕಿ ಮಾಯ ಆಗಿಬಿಡ್ತಾರೆ.

ಶುರುವಿನ ವಾರಗಳ ಬಗ್ಗೆ ಬರೆಯೋಂಥದ್ದೇನಿಲ್ಲ. ಈಸು ವಾಸು, ಡು ಡಸ್ ಡಿಡ್, ಎದ್ದು ನಿಂತು "ಮೈ ನೇಮ್ ಈಸ್", ಎಲ್ಲಾ ಕಡೆ ಇರೋದೇ. ಕಾಸು ಕೊಟ್ಟಿದ್ದು ಸಾರ್ಥಕ ಅನ್ಸಿದ್ದು ಫ್ರೇಸಲ್ ವರ್ಬ್ (ಕ್ರಿಯಾಪದದ ಹಿಂದೆ ಆಫ್, ಅಪ್ ಥರ ಚಿಕ್ಕ ಪದ ಸೇರಿ ಬೇರೇನೇ ಅರ್ಥ ಕೊಡೋದು) ಶುರುವಾದ್ಮೇಲೆ, ಅದ್ರಲ್ಲೂ ನಾಕ್ ಆಫ್ ಒಂದನ್ನೇ ಇಟ್ಕೊಂಡು ಮೇಡಂ ಒಂದು ಸಂಜೆ ಪೂರ್ತಿ ಎಳೆದಿದ್ದು, ಎಳೆದಿದ್ದು ಅಂದ್ರೆ ಬೋರು ಹೊಡೆಸಿದ್ದು ಅಲ್ಲ ಮತ್ತೆ.

ಬೇರೆ ಕಡೆ ಇದನ್ನ ಹೆಂಗ್ ಕಲಿಸ್ತಾರೆ ಅಂದ್ರೆ ಉದ್ದ ಪಟ್ಟಿ ಕೊಡ್ತಾರೆ, ಎಡಗಡೆ ಇಂಗ್ಲಿಷು ಬಲಗಡೆ ಕನ್ನಡ, ಬಾಯಿಪಾಠ ಮಾಡ್ಕೊಂಡು ಬರ್ರಿ ಅಂತ. ಮೇಡಂ ಹಂಗ್ ಮಾಡ್ಲಿಲ್ಲ. ರಿಟೈರ್ಡ್ ಹೈಸ್ಕೂಲ್ ಟೀಚರು, ಮಾತೆಲ್ಲ ನಮ್ಮ ಊರ ಮಾತೇ, ಇಂಗ್ಲಿಷಿಗೆ ಹೊರಳಿದ್ರೆ ಮಾತ್ರ ಬೇರೆ ಮನುಷ್ಯಾರೇ ಆಗಿಬಿಡ್ತಾರೆ. ಬೋರ್ಡ್ ಒರೆಸಿ ಬರೀ ವಾಕ್ಯ ಬರೀತಾ ಹೋದ್ರು, ಅರ್ಥ ಬರೀಲಿಲ್ಲ. ಐ ನಾಕ್ ಆಫ್ ಅಟ್ ಫೈವ್. ಹೀ ನಾಕ್ಡ್ ಆಫ್ ಫಿಫ್ಟಿ ರುಪೀಸ್. ದೇ ನಾಕ್ಡ್ ಆಫ್ ದ ವಿಟ್ನೆಸ್. ದೇ ನಾಕ್ಡ್ ಆಫ್ ಎ ಬ್ಯಾಂಕ್. ಶೀ ನಾಕ್ಡ್ ಆಫ್ ದ ರಿಪೋರ್ಟ್ ಇನ್ ಆನ್ ಅವರ್. ಇಂಡಿಯಾ ನಾಕ್ಡ್ ಆಫ್ ದ ರನ್ಸ್. ಕೊನೇದು, ಜೋರಾಗಿ ಓದಿದ್ರು, ನಾಕ್ ಇಟ್ ಆಫ್! ಹಿಂದಿನ ಬೆಂಚಿಂದ ಒಬ್ಬ "ಮೇಡಂ, ನಾಕ್ ಹಾಫ್ ಟೀ ಹೇಳ್ಲಾ?" ಅಂದ, ಇಡೀ ಕ್ಲಾಸು ಬಿದ್ದು ಬಿದ್ದು ನಗು, ಮೇಡಮ್ಮೂ ನಕ್ಕು "ಹೇಳಪ್ಪಾ, ದುಡ್ಡು ನೀನೇ ಕೊಡು" ಅಂದ್ರು.

ಆಮೇಲೆ ಕೇಳಿದ್ರು, ನಾಕ್ ಅಂದ್ರೇನು? ಬಾಗಿಲು ತಟ್ಟೋದು. ಆಫ್ ಅಂದ್ರೇನು? ಲೈಟು ಆರಿಸೋದು. ಎರಡೂ ಸೇರಿಸಿದ್ರೆ ಬಾಗಿಲು ತಟ್ಟಿ ಲೈಟು ಆರಿಸೋದಾ? ಯಾರೂ ಪಿಟಕ್ಕನ್ಲಿಲ್ಲ. ಚೌಕಿಪೇಟೆ ಅಣ್ಣ ಮಾತ್ರ ಕೈ ಎತ್ತಿ, "ಮೇಡಂ ನಾಕಾಫ್ ಅಂದ್ರೆ ಡೂಪ್ಲಿಕೇಟು, ನಮ್ಮ ಲೈನಲ್ಲಿ ಫಸ್ಟ್ ಕಾಪಿ ಅಂತೀವಲ್ಲ ಅದು" ಅಂದ್ರು. ಬೋರ್ಡ್ ಮೇಲೆ ಇರ್ಲೇ ಇಲ್ಲ ಆ ಅರ್ಥ, ಮೇಡಂ ಖುಷಿಯಾಗಿ ಅದನ್ನೂ ಸೇರಿಸಿದ್ರು.

ಈಗ ಟ್ರಿಕ್ ಹೇಳ್ತೀನಿ, ಈ ರಿವ್ಯೂ ಬರೀತಿರೋದೇ ಇದಕ್ಕೆ. ಅರ್ಥ ನಾಕ್ ಆಫ್ ಒಳಗೆ ಹುಡುಕಬೇಡ್ರಿ, ಅದರ ಪಕ್ಕ ಯಾರು ಕೂತಿದಾರೆ ನೋಡ್ರಿ ಅಂದ್ರು ಮೇಡಂ. ಪಕ್ಕ ಯಾರೂ ಇಲ್ಲ, ಬರೀ ಟೈಮ್ ಐತೆ ಅಂದ್ರೆ ಕೆಲ್ಸ ಮುಗಿಸಿ ಎದ್ದು ಹೋಗೋದು, ಐದಕ್ಕೆ ನಾಕ್ ಆಫ್. ಪಕ್ಕ ದುಡ್ಡೋ ಮಾರ್ಕ್ಸೋ ನಿಮಿಷಾನೋ ಇದ್ರೆ ಅಷ್ಟು ಕಡಿಮೆ ಮಾಡೋದು. ಪಕ್ಕ ಮನುಷ್ಯ ಇದ್ರೆ ಅವನ ಕಥೆ ಮುಗೀತು. ಬ್ಯಾಂಕೋ ಅಂಗಡಿನೋ ಇದ್ರೆ ದರೋಡೆ. ರಿಪೋರ್ಟು, ಲೆಟರು, ಹೋಮ್‌ವರ್ಕು ಇದ್ರೆ ಸರ್ರಂತ ಮಾಡಿ ಬಿಸಾಕೋದು. ಬೇರೆಯೋರ ಡಿಸೈನ್ ಇದ್ರೆ ಕಾಪಿ ಹೊಡೆಯೋದು. ಕ್ರಿಕೆಟ್ ಕಾಮೆಂಟ್ರಿಲಿ ರನ್ಸು, ಟಾರ್ಗೆಟ್ಟು ಇದ್ರೆ ಗೆಲ್ಲಕ್ಕೆ ಬೇಕಾಗಿರೋ ಬಾಕಿ ರನ್ ಹೊಡೆದು ಮುಗಿಸೋದು, ಈ ಅರ್ಥ ಐಪಿಎಲ್ ನೋಡೋ ಹುಡುಗ್ರಿಗೆಲ್ಲ ಕಿವಿಗೆ ಬಿದ್ದಿತ್ತು, ಗೊತ್ತಿತ್ತು ಅನ್ನೋದೇ ಗೊತ್ತಿರ್ಲಿಲ್ಲ ಅಷ್ಟೇ. ಇನ್ನು ನಡುವೆ ಇಟ್ ಸಿಗಿಸಿ ಸಿಟ್ಟಲ್ಲಿ ಹೇಳಿದ್ರೆ "ಏಯ್ ಸಾಕು ನಿಲ್ಸು" ಅಂತ.

ಇಷ್ಟಕ್ಕೆ ನಿಲ್ಲಿಸಿದ್ರೆ ಅದೂ ಒಂದು ಪಟ್ಟಿನೇ ಆಗ್ತಿತ್ತು. ಮೇಡಂ ಮುಂದೆ ಹೋಗಿ ಒಂದು ಸಿಕ್ಕು ಹಾಕಿದ್ರು, "ಹೀ ನಾಕ್ಡ್ ಆಫ್ ದ ಚಾಂಪಿಯನ್", ಇದೇನು ಹೇಳ್ರಿ. ಪಕ್ಕ ಮನುಷ್ಯ ಇದಾನೆ, ಕೊಲೆ ಅಂದ ಒಬ್ಬ. ಪೇಪರಿನ ಯಾವ ಪುಟ ಅಂತ ಕೇಳಪ್ಪಾ ಮೊದ್ಲು ಅಂದ್ರು ಮೇಡಂ. ಸ್ಪೋರ್ಟ್ಸ್ ಪುಟದಲ್ಲಿದ್ರೆ ಸಣ್ಣವನು ದೊಡ್ಡವನನ್ನ ಸೋಲಿಸಿದ ಅಂತ, ಕ್ರೈಂ ಪುಟದಲ್ಲಿದ್ರೆ ನೀನು ಹೇಳಿದ್ದೇ ಸರಿ. ಆಮೇಲೆ ಇನ್ನೊಂದು, ಬೆಕ್ಕು ಟೇಬಲ್ ಮೇಲಿಂದ ಲೋಟ ಬೀಳಿಸಿದ್ರೂ ನಾಕ್ ಆಫೇ, ಅಲ್ಲಿ ಒಳಾರ್ಥ ಏನಿಲ್ಲ, ತಗುಲಿಸಿ ಕೆಳಗೆ ಕೆಡವಿದ್ದು, ಅಷ್ಟೇ. ಮಿಕ್ಕಿದ್ದೆಲ್ಲಾ ಹುಟ್ಟಿರೋದು ಈ ಬೀಳಿಸೋದ್ರಿಂದ್ಲೇ ಅಂದ್ಕೊಂಡು ನೋಡ್ರಿ, ಬೆಲೆ ಮೇಲಿಂದ ಐವತ್ತು ಬೀಳಿಸೋದು, ಲೆಕ್ಕದಿಂದ ಕೆಲ್ಸ ಬೀಳಿಸೋದು, ಭೂಮಿ ಮೇಲಿಂದ ಮನುಷ್ಯನ್ನೇ ಬೀಳಿಸೋದು, ಅರ್ಧ ನೆನಪು ಅಲ್ಲೇ ಉಳಿಯುತ್ತೆ ಅಂದ್ರು. ಇದು ಪುಸ್ತಕದ ಮಾತೋ ಮೇಡಂ ಮಾತೋ ಬೇರೆ ವಿಷ್ಯ, ನನಗೆ ಕೆಲ್ಸಕ್ಕೆ ಬಂತು.

ಒಬ್ಬ ಹುಡುಗ ತಲೆ ಕೆಟ್ಟು "ಈ ಇಂಗ್ಲಿಷರಿಗೆ ಬೇರೆ ಪದ ಇರ್ಲಿಲ್ವಾ ಮೇಡಂ, ಒಂದಕ್ಕೇ ಎಲ್ಲಾ ತುರುಕಿದಾರೆ" ಅಂತ ಗೊಣಗಿದ. ಮೇಡಂ ತಣ್ಣಗೆ, "ಹೊಡಿ ಅಂದ್ರೇನಪ್ಪಾ?" ಅಂದ್ರು. ಅಷ್ಟೇ ನೋಡ್ರಿ, ಕ್ಲಾಸು ಕ್ಲಾಸಾಗಿ ಉಳೀಲಿಲ್ಲ. ಗಾಳಿ ಹೊಡಿ, ಬಣ್ಣ ಹೊಡಿ, ಔಷಧಿ ಹೊಡಿ, ಗಾಡಿ ಹೊಡಿ, ಕಣ್ಣು ಹೊಡಿ, ಸೀಟಿ ಹೊಡಿ, ಹರಟೆ ಹೊಡಿ, ಗೊರಕೆ ಹೊಡಿ, ಕಾಪಿ ಹೊಡಿ, ಪೋಸು ಹೊಡಿ, ಕ್ಲಾಸಿಗೆ ಚಕ್ಕರ್ ಹೊಡಿ, ಲಾಟ್ರಿ ಹೊಡೀತು, ವಾಸ್ನೆ ಹೊಡೀತೈತೆ, ಬಿಸ್ಲು ಹೊಡೀತೈತೆ, ಬೋರು ಹೊಡೀತೈತೆ, ಅಕ್ಕಂದಿರಲ್ಲಿ ಒಬ್ರು "ಪಿನ್ ಹೊಡಿ" ಅಂದ್ರು, ಚೌಕಿಪೇಟೆ ಅಣ್ಣ "ಬಿಲ್ ಹೊಡಿ" ಅಂದ್ರು. ಇದ್ರಲ್ಲಿ ನಿಜವಾಗ್ಲೂ ಏಟು ಬೀಳೋದು ಎಲ್ಲೈತೆ ಹೇಳಪ್ಪಾ, ಯಾರಾದ್ರೂ ನಿಂಗೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡ್ಸಿದ್ರಾ ಇದನ್ನ? ಪಕ್ಕದಲ್ಲಿ ಏನೈತೆ ನೋಡ್ಕೊಂಡು ತಿಳ್ಕೊಂಡೆ ತಾನೇ? ಹುಡುಗ ಸುಮ್ನಾದ.

ಕ್ಲಾಸಲ್ಲಿ ಬರದಿರೋ ಒಂದು ನನ್ನ ಕಡೆಯಿಂದ. ನಾಕ್ ಆಫಿಗೆ ನಮ್ಮಲ್ಲಿ ಹತ್ರ ಬರೋದು ಹೊಡಿ ಅಲ್ಲ, ಬಿಡು. "ನೂರು ರೂಪಾಯಿ ಬಿಡ್ರಿ" ಅಂದ್ರೆ ರೇಟು ಇಳಿಸೋದು, "ಆಫೀಸು ಎಷ್ಟೊತ್ತಿಗೆ ಬಿಡುತ್ತೆ" ಅಂದ್ರೆ ಕೆಲ್ಸ ಮುಗಿಯೋ ಟೈಮು, "ಸಾಕು ಬಿಡಪ್ಪಾ" ಅಂದ್ರೆ ನಾಕ್ ಇಟ್ ಆಫ್. ಮೂರು ಅರ್ಥ ಅನಾಯಾಸ ಕೂತ್ಕೊಂಡ್ವು. ಮುಗಿಸು ತಗೊಂಡ್ರೆ ಇನ್ನೆರಡು, ಕೆಲ್ಸ ಮುಗಿಸಿದ, ಆಳನ್ನ ಮುಗಿಸಿದ. ನಮ್ಮ ರೌಡಿಗಳೂ ಅವ್ರ ರೌಡಿಗಳೂ ಒಂದೇ ಸ್ಕೂಲಲ್ಲಿ ಓದಿರ್ಬೇಕು.

ಇತಿಹಾಸಾನೂ ಸ್ವಲ್ಪ ಹೇಳಿದ್ರು, ನನಗೆ ಇಷ್ಟ ಆಗಿದ್ದೂ ಅದೇ. ಕೆಲ್ಸ ನಿಲ್ಲಿಸೋ ಅರ್ಥ ತುಂಬಾ ಹಳೇದು, 17ನೇ ಶತಮಾನದಿಂದ್ಲೇ ಐತೆ. ಸರಸರ ಮಾಡಿ ಮುಗಿಸೋದು ಅನ್ನೋದು 19ನೇ ಶತಮಾನದ ಶುರುವಿಂದು, ಕೊಲೆ ಅನ್ನೋ ಅರ್ಥ 20ನೇ ಶತಮಾನದ ಶುರುವಲ್ಲಿ ಪಾತಕಿಗಳ ಬಾಯಿಂದ ಬಂದಿದ್ದು, ನಕಲಿ ಮಾಲು ಅನ್ನೋ ನಾಕಾಫು 1960ರ ದಶಕದ್ದು. ಹಡಗಲ್ಲಿ ಹುಟ್ಟು ಹಾಕೋರಿಗೆ ಮರದ ದಿಮ್ಮಿ ಮೇಲೆ ತಾಳ ಬಡೀತಿದ್ರು, ಪಾಳಿ ಮುಗಿದಾಗ ಬೇರೆ ಥರ ಬಡೀತಿದ್ರು, ಅದ್ರಿಂದ ನಾಕ್ ಆಫ್ ಬಂತು ಅಂತ ಒಂದು ಕಥೆ ಓಡಾಡುತ್ತೆ, ಕೇಳಕ್ಕೆ ಮಜಾ ಐತೆ ಆದ್ರೆ ಸಾಕ್ಷಿ ಗಟ್ಟಿಯಿಲ್ಲ ಅಂತ ಮೇಡಮ್ಮೇ ಹೇಳಿದ್ರು. ಇಂಥ ಕಥೆಗಳನ್ನ ಸತ್ಯ ಅಂತಲೇ ಮಾರೋ ಮೇಷ್ಟ್ರುಗಳು ಜಾಸ್ತಿ ಇರೋ ಕಾಲದಲ್ಲಿ ಹಿಂಗ್ ಹೇಳಿದ್ದಕ್ಕೆ ಅರ್ಧ ಸ್ಟಾರ್ ಎಕ್ಸ್‌ಟ್ರಾ.

ಇನ್ನೊಂದು ಮಾತು ಬಂತು ಅವತ್ತು. ಒಂದು ಕಾಲದಲ್ಲಿ ಇಲ್ಲಿ ಹತ್ತಿ ಮಿಲ್ಲುಗಳು ಓಡ್ತಿದ್ದಾಗ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಆ ಒರಿಜಿನಲ್ ಮ್ಯಾಂಚೆಸ್ಟರ್ ಕಡೆ ಮಿಲ್ ಕೆಲ್ಸಗಾರರನ್ನ ಬೆಳಗಾಗೋಕೂ ಮುಂಚೆ ಎಬ್ಬಿಸಕ್ಕೆ ಅಂತಲೇ ಆಳುಗಳಿದ್ರಂತೆ, ಉದ್ದ ಕೋಲು ಹಿಡ್ಕೊಂಡು ಮಹಡಿ ಕಿಟಕಿ ಗಾಜು ತಟ್ಟಿ ಎಬ್ಬಿಸೋದು, ವಾರಕ್ಕಿಷ್ಟು ಕಾಸು. ಅವ್ರಿಗೆ ನಾಕರ್ ಅಪ್ ಅಂತಿದ್ರು. ಬೆಳಿಗ್ಗೆ ನಾಕ್ ಅಪ್ಪು ಸಂಜೆ ನಾಕ್ ಆಫು, ದಿನ ಮುಗೀತು. ಈ ನಾಕ್ ಅಪ್ ಬಗ್ಗೆ ಮಾತ್ರ ಹುಷಾರು ಅಂದ್ರು, ಇಂಗ್ಲೆಂಡಿನ ಹಳೇ ತಲೆಗಳಿಗೆ ಅದು ಎಬ್ಬಿಸೋದು, ಅಮೆರಿಕದೋರಿಗೆ ಬಸುರಿ ಮಾಡೋದು, ನರ್ಸ್ ಹುಡುಗಿ ಇದನ್ನ ಎರಡು ಸಲ ಅಂಡರ್‌ಲೈನ್ ಮಾಡ್ಕೊಂಡ್ಳು. ನಾಕ್ ಆಫಿಗೂ ಇಂಗ್ಲೆಂಡಲ್ಲಿ ಇನ್ನೊಂದು ಪೋಲಿ ಅರ್ಥ ಐತೆ, ಮೇಡಂ "ಅದು ಪರೀಕ್ಷೆಗೆ ಬರಲ್ಲ" ಅಂತ ಹಾರಿಸಿದ್ರು, ಹಿಂದಿನ ಬೆಂಚು ಅಷ್ಟೊತ್ತಿಗೆ ಮೊಬೈಲಲ್ಲಿ ನೋಡಿ ಆಗಿತ್ತು.

ವ್ಯಾಕರಣದ ಕಡೆ ಎರಡೇ ವಿಷ್ಯ, ಆದ್ರೆ ಎರಡೂ ದಿನಾ ಬೇಕಾಗೋವು. ಒಂದು, ಇಟ್, ಹಿಮ್, ದೆಮ್ ಇಂಥವು ಬಂದ್ರೆ ನಡುವೆನೇ ಕೂರಬೇಕು, ನಾಕ್ ಇಟ್ ಆಫ್ ಸರಿ, ನಾಕ್ ಆಫ್ ಇಟ್ ತಪ್ಪು. ಉಳಿದ ಪದಗಳಾದ್ರೆ ಎಲ್ಲಿ ಬೇಕಾದ್ರೂ ಕೂರ್ತಾವೆ, ನಾಕ್ ಫಿಫ್ಟಿ ರುಪೀಸ್ ಆಫ್ ಅನ್ರಿ, ನಾಕ್ ಆಫ್ ಫಿಫ್ಟಿ ರುಪೀಸ್ ಅನ್ರಿ. ಎರಡು, ಒತ್ತು. ಕ್ರಿಯೆ ಆದಾಗ ಆಫ್ ಮೇಲೆ ಭಾರ ಬೀಳುತ್ತೆ, ನಕಲಿ ಮಾಲು ಅನ್ನೋ ಹೆಸರಾದಾಗ ನಾಕ್ ಮೇಲೆ ಬೀಳುತ್ತೆ. ಇದನ್ನ ಮೇಡಂ ಒಬ್ಬೊಬ್ಬರ ಕೈಲೂ ಹೇಳಿಸಿದ್ರು, ಅಕ್ಕಂದಿರು ನಮಗಿಂತ ಬೇಗ ಹಿಡಿದ್ರು.

ಎಲ್ಲಿ ಬಳಸಬಾರ್ದು ಅನ್ನೋದನ್ನೂ ಬಿಡಿಸಿ ಹೇಳಿದ್ದು ಒಳ್ಳೇದಾಯ್ತು. ಇದು ಬಾಯಿಮಾತು, ಅರ್ಜಿಲೋ ಬ್ಯಾಂಕಿಗೆ ಬರಿಯೋ ಮೇಲಲ್ಲೋ "ಕೈಂಡ್ಲಿ ನಾಕ್ ಆಫ್ ದ ಇಂಟ್ರೆಸ್ಟ್" ಅಂತ ಬರೆದ್ರೆ ನಗ್ತಾರೆ, ಅಲ್ಲಿ ರೆಡ್ಯೂಸ್ ಸಾಕು. ಸ್ನೇಹಿತರ ಜೊತೆ, ಸಂತೆಲಿ, ಆಫೀಸ್ ಚಾಟಲ್ಲಿ ಧಾರಾಳ. ನನ್ನ ಆಸ್ಟ್ರೇಲಿಯಾ ಕ್ಲೈಂಟ್ ವಿಷ್ಯ ಹೇಳಿದ್ದಕ್ಕೆ, ಆ ಕಡೆಯೋರಿಗೆ ಇದು ದಿನಬಳಕೆ ಮಾತು, ಕೆಲ್ಸ ಬಿಟ್ಮೇಲೆ ಜೊತೆಗೆ ಕೂತು ಕುಡಿಯೋದಕ್ಕೂ ನಾಕ್ ಆಫ್ ಡ್ರಿಂಕ್ಸ್ ಅಂತಾರೆ ಅಂದ್ರು. ಟೈಮ್ ಉಳಿಯೋದಕ್ಕೆ ಕೊಟ್ಟ ಉದಾಹರಣೆ ಪೂರ್ತಿ ನಮ್ಮದೇ, ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ರೈಲು ಮಾರ್ಗ ಮುಗಿದ್ರೆ ಬೀರೂರು ಅರಸೀಕೆರೆ ಸುತ್ತು ತಪ್ಪಿ ಬೆಂಗಳೂರು ಜರ್ನಿಲಿ ಎಷ್ಟು ನಾಕ್ ಆಫ್ ಆಗುತ್ತೆ ವಾಕ್ಯ ಮಾಡ್ರಿ ಅಂತ. ಒಬ್ಬ "ಫಸ್ಟ್ ದೆ ಶುಡ್ ನಾಕ್ ಆಫ್ ದ ವರ್ಕ್" ಅಂದ, ಮೇಡಂ ಫುಲ್ ಮಾರ್ಕ್ಸ್ ಕೊಟ್ರು.

ಈಗ ಬೈಗುಳ.

ಮೊದಲನೇದು ಮೆಟೀರಿಯಲ್ಲು. ಫೀಸ್ ಜೊತೆ "ಸ್ಟಡಿ ಕಿಟ್" ಅಂತ ಕಾಸು ಬೇರೆ ತಗೊಂಡು ಒಂದು ಸ್ಪೈರಲ್ ಬೈಂಡ್ ಕೊಡ್ತಾರೆ, ತೆಗೆದು ನೋಡಿದ್ರೆ ಯಾವುದೋ ವಿದೇಶಿ ಪುಸ್ತಕದ ಝೆರಾಕ್ಸು, ಪಬ್ಲಿಷರ್ ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಇವ್ರ ಲೋಗೋ ಒತ್ತಿದಾರೆ, ಪುಟದ ಅಂಚಲ್ಲಿ ಯಾರೋ ಪೆನ್ನಲ್ಲಿ ಬರೆದಿರೋ ಉತ್ತರಾನೂ ಹಂಗೇ ಅಚ್ಚಾಗಿ ಬಂದೈತೆ. ಅಂದ್ರೆ ನಾಕಾಫ್ ಅಂದ್ರೇನು ಅನ್ನೋದನ್ನ ನಾಕಾಫ್ ಪುಸ್ತಕ ಇಟ್ಕೊಂಡು ಕಲಿತ್ವಿ. ಚೌಕಿಪೇಟೆ ಅಣ್ಣ ಅದನ್ನ ತಿರುಗಿಸಿ ಮುರುಗಿಸಿ ನೋಡಿ "ಇದು ಫಸ್ಟ್ ಕಾಪಿನೂ ಅಲ್ಲ ಬಿಡ್ರಿ, ಥರ್ಡ್ ಕಾಪಿ" ಅಂದ್ರು. ಮೇಡಮ್ಮಿಗೆ ಇದ್ರಲ್ಲಿ ಕೈಯಿಲ್ಲ, ಅವ್ರು ಆ ಬುಕ್ಕು ಮುಟ್ಟೋದೇ ಇಲ್ಲ, ಆಫೀಸಿನೋರ ವ್ಯಾಪಾರ ಅದು. ಹಂಗಾಗಿ ಕಿಟ್ ಬೇಡ ಅಂತ ಖಡಾಖಂಡಿತ ಹೇಳ್ರಿ, ಕಡ್ಡಾಯ ಅಂತಾರೆ, ಆದ್ರೆ ತಗೊಳ್ದೇ ಇರೋರೂ ನಮ್ಮ ಬ್ಯಾಚಲ್ಲಿದ್ರು.

ಎರಡನೇದು ಆ್ಯಪು. ಕಿಟ್ ಜೊತೆ ಒಂದು ಆ್ಯಪ್ ಫ್ರೀ ಅಂತ ಹಾಕ್ಸ್ತಾರೆ, ಅದ್ರಲ್ಲಿ ಕನ್ನಡ ಅನುವಾದ ಮಿಷನ್ ಕೈಲಿ ಮಾಡಿಸಿದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. "ಐ ನಾಕ್ ಆಫ್ ಅಟ್ ಫೈವ್" ಅಂದ್ರೆ "ನಾನು ಐದು ಗಂಟೆಗೆ ಹೊಡೆದುರುಳಿಸುತ್ತೇನೆ" ಅಂತೆ. ಯಾರನ್ನಪ್ಪಾ? ಜೊತೆಗೆ ದಿನಾ ಬೆಳಿಗ್ಗೆ ಆರಕ್ಕೇ ಟಿಂಗ್ ಅಂತ ನೋಟಿಫಿಕೇಷನ್ನು. ತೆಗೆದು ಹಾಕಿದೆ.

ರೂಮು ಸಣ್ಣದು, ಜನ ಜಾಸ್ತಿ. ಕಿಟಕಿ ತೆಗೆದ್ರೆ ಬಸ್ಸಿನ ಹಾರನ್ನು, ಮುಚ್ಚಿದ್ರೆ ಸೆಕೆ, ಒಂದು ಫ್ಯಾನು ಕಟಕಟ ಅನ್ನುತ್ತೆ, ನಮ್ಮ ಊರ ಏಪ್ರಿಲ್ ಬಿಸ್ಲು ಗೊತ್ತಲ್ಲ. ಹಿಂದೆ ಕೂತ್ರೆ ಒತ್ತು ಎಲ್ಲಿ ಬೀಳುತ್ತೆ ಅನ್ನೋದು ಕೇಳಿಸೋದೇ ಇಲ್ಲ, ಆ ಪಾಠ ಅಷ್ಟೂ ಲಾಸು. ಸರ್ಟಿಫಿಕೇಟು ಕೊಡ್ತಾರೆ, ಅದನ್ನ ಗೋಡೆಗೆ ಹಾಕ್ಕೋಬಹುದು, ಬೇರೆ ಉಪಯೋಗ ನನಗೆ ಕಾಣ್ಲಿಲ್ಲ.

ಫೀಸಿನ ವಿಷ್ಯ. ಬೋರ್ಡಲ್ಲಿ ಬರೆದಿರೋದು ಒಂದು, ತಗೊಳ್ಳೋದು ಒಂದು, ಕೇಳಿದ್ರೆ ಇಳಿಯುತ್ತೆ. ಚೌಕಿಪೇಟೆ ಅಣ್ಣ ಮನೆಯೋರನ್ನ ಬೆಳಗಿನ ಬ್ಯಾಚಿಗೆ ಸೇರಿಸಕ್ಕೆ ಹೋಗಿ, ಕಲ್ತಿದ್ದು ಪ್ರಯೋಗ ಮಾಡೋಣ ಅಂತ ಕೌಂಟರಲ್ಲಿದ್ದ ಹುಡುಗನಿಗೆ "ಕೆನ್ ಯು ನಾಕ್ ಆಫ್ ಫೈವ್ ಹಂಡ್ರೆಡ್?" ಅಂತ ಸ್ಟೈಲಾಗಿ ಕೇಳಿದ್ರು. ಆ ಹುಡುಗ ಮಿಕಮಿಕ ನೋಡಿ, "ಸರ್ ಯಾರು ಆಫ್ ಆದ್ರು?" ಅಂದ. "ಐನೂರು ಬಿಡಪ್ಪಾ ಅಂದೆ" ಅಂದ್ಮೇಲೆ ಮುನ್ನೂರು ಬಿಟ್ಟ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಕೌಂಟರಲ್ಲಿ ಕನ್ನಡದಲ್ಲೇ ಚೌಕಾಸಿ ನಡೆಯೋದು ನನಗಂತೂ ಸಮಾಧಾನನೇ ಆಯ್ತು, ಆದ್ರೆ ಅಲ್ಲಿ ಕೂರಿಸೋರನ್ನಾದ್ರೂ ಒಂದು ಸಲ ಮೇಡಂ ಕ್ಲಾಸಲ್ಲಿ ಕೂರಿಸಿ ಅಂತ ಮಾಲೀಕರಿಗೆ ಒಂದು ಮಾತು.

ಯಾರಿಗೆ ಇದು? ಗ್ರಾಮರ್ ಪೂರಾ ಸೊನ್ನೆ ಇರೋರಿಗೆ ಶುರುವಿನ ವಾರಗಳು ತೀರಾ ಸ್ಪೀಡು, ಅವ್ರು ಬೇರೆ ಕಡೆ ನೋಡ್ರಿ. ಸ್ವಲ್ಪ ಓದಕ್ಕೆ ಬರುತ್ತೆ, ಆದ್ರೆ ಇಂಗ್ಲಿಷರು ನಿಜವಾಗಿ ಆಡೋ ಮಾತು ತಲೆ ಮೇಲೆ ಹೋಗುತ್ತೆ ಅನ್ನೋರು ಕಣ್ಣು ಮುಚ್ಚಿ ಸೇರ್ಬಹುದು. ಪಿಕ್ ಅಪ್, ಟೇಕ್ ಆಫ್, ಮೇಕ್ ಔಟ್ ಇವನ್ನೂ ಇದೇ ಥರ ಒಂದೊಂದು ಸಂಜೆ ಮಾಡಿದ್ರು, ನಾಕ್ ಆಫ್ ಅಷ್ಟು ಮಜಾ ಬರ್ಲಿಲ್ಲ, ಆದ್ರೂ ಪಕ್ಕದಲ್ಲಿ ಏನೈತೆ ನೋಡೋ ಚಾಳಿ ಬಂದುಬಿಟ್ಟಿದೆ ಈಗ. ಇಂಟರ್‌ವ್ಯೂಗೆ ಮಾತ್ರ ಅಂತ ಬರೋ ಹುಡುಗ್ರಿಗೆ ಇಷ್ಟು ಆಳ ಬೇಕಾಗಲ್ಲ, ನಮ್ಮ ಬ್ಯಾಚಲ್ಲೇ ನಾಕೈದು ಜನ ನಡುವೆ ಬಿಟ್ಟು ಹೋದ್ರು.

ಮೇಡಂಗೆ ಐದಕ್ಕೈದು, ಜಾಗಕ್ಕೆ ಎರಡು, ಕಿಟ್ಟಿಗೆ ಸೊನ್ನೆ, ಒಟ್ಟು ಮೂರೂವರೆ ಸ್ಟಾರ್ ಇಟ್ಕೊಳ್ರಿ. ಸೇರೋರು ಸಂಜೆ ಬ್ಯಾಚು ಮೇಡಮ್ಮೇ ತಗೊಳ್ತಾರಾ ಅಂತ ಕೇಳಿ ಖಾತ್ರಿ ಮಾಡ್ಕೊಂಡೇ ಸೇರ್ರಿ, ಬೆಳಗಿನ ಬ್ಯಾಚಿಗೆ ಬರೋ ಸಾರು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸೋರೇ. ಡೆಮೋ ಕ್ಲಾಸ್ ಫ್ರೀ. ಆರೂ ಮುಕ್ಕಾಲಿಗೆ ಹೋದ್ರೆ ಮುಂದಿನ ಬೆಂಚು ಸಿಗುತ್ತೆ, ಗಾಡಿ ಝೆರಾಕ್ಸ್ ಅಂಗಡಿ ಮುಂದೆ ನಿಲ್ಲಿಸಬೇಡ್ರಿ, ಅಂಗಡಿಯೋನು ಬೈತಾನೆ.